ಸಾಬವ್ವನಿಗೆ ಹೇಳದ ಮಾತು

ಅಂಬಣ್ಣ ಕೂರಲಿಲ್ಲ.

ಜೈಲಿನ ಆ ದೊಡ್ಡ ಕೋಣೆಯಲ್ಲಿ ಇಪ್ಪತ್ತು ಮಂದಿ ಕೈದಿಗಳು ಜಮಖಾನೆಯ ಮೇಲೆ ದುಂಡಗೆ ಕೂತಿದ್ದರು. ಅಹಿಂಸೆಯ ಶಿಬಿರ ಶುರುವಾಗುವುದೇ ಹೀಗೆ. ನಮ್ಮ ಜನ ಇದಕ್ಕೆ ಗೋಲ ಅನ್ನುತ್ತಾರೆ. ಗೋಲದಲ್ಲಿ ಮೊದಲನೆಯವನಿಲ್ಲ, ಕೊನೆಯವನಿಲ್ಲ. ಪ್ರತಿಯೊಬ್ಬರೂ ತಮ್ಮ ಹೆಸರಿಗೆ ಒಂದು ಒಳ್ಳೆಯ ಗುಣ ಜೋಡಿಸಿ ಹೇಳಬೇಕು. ಒಬ್ಬ 'ಶಾಂತ ಶಂಕರ' ಅಂದ. ಇನ್ನೊಬ್ಬ 'ಗಂಭೀರ ಗಣಪತ' ಅಂದ. ಎಲ್ಲರೂ ನಕ್ಕರು. ಅಂಬಣ್ಣ ಮಾತ್ರ ಗೋಡೆಗೆ ಬೆನ್ನು ಹಚ್ಚಿ ನಿಂತೇ ಇದ್ದ. ಜೈಲಿನ ಎಂಟು ತಿಂಗಳಲ್ಲಿ ಸೊರಗಿ ಅರ್ಧ ಆಳಾಗಿದ್ದ.

"ಬಾ ತಮ್ಮಾ, ಕೂಡು," ಅಂದೆ.

"ನಾ ಕೂಡಂಗಿಲ್ಲ ದೊಡ್ಡವ್ವ."

"ಯಾಕಪಾ?"

"ನಿನಗ ಗೊತ್ತದ."

ಎಲ್ಲರ ಕಣ್ಣು ನನ್ನ ಮೇಲೆ ಬಂತು. ಶಿಬಿರ ನಡೆಸುತ್ತಿದ್ದವರು ಪ್ರಲ್ಹಾದ ಸರ್. ನಿವೃತ್ತ ಮಾಸ್ತರರು. ಇರುವೆ ಸಾಲು ಕಂಡರೆ ದಾಟಿ ನಡೆಯುವ ಮನುಷ್ಯ. ಅವರಿಗೆ ಕನ್ನಡ ಬಾರದು. ಕನ್ನಡದ ಕೈದಿಗಳ ಮಾತನ್ನು ಅವರಿಗೆ ಮರಾಠಿಯಲ್ಲಿ ಹೇಳುವುದು ನನ್ನ ಕೆಲಸ. ಪಗಾರವಿಲ್ಲದ ಕೆಲಸ, ಸೇವೆ.

"ಏನಂತೆ ಶರಣಮ್ಮಬಾಯಿ?" ಎಂದು ಸರ್ ಕೇಳಿದರು.

"ಮೊಣಕಾಲು ನೋವಂತೆ ಸರ್," ಅಂದೆ.

ಸರ್ ತಾವೇ ಎದ್ದು ಹೋಗಿ ಒಂದು ಸ್ಟೂಲು ತಂದು ಅವನ ಮುಂದೆ ಇಟ್ಟರು. ಹತ್ತು ವರ್ಷ ಪುಣೆಯಲ್ಲಿ ಗಾರೆ ಕಲಸಿದ ಅಂಬಣ್ಣನಿಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಅವನು ಸ್ಟೂಲು ನೋಡಿದ. ನನ್ನನ್ನು ನೋಡಿದ. ಕೂರಲಿಲ್ಲ.

ನಾನು ತಲೆ ತಗ್ಗಿಸಿದೆ. ಯಾಕೆ ತಗ್ಗಿಸಿದೆ ಅನ್ನುವುದನ್ನು ಬುಡದಿಂದ ಹೇಳಬೇಕು.

ನಾನು ಯಾದಗಿರಿ ಕಡೆಯವಳು. ಮೈಲಾಪುರದ ಮಲ್ಲಯ್ಯ ನಮ್ಮ ಮನೆದೇವರು. ಇಪ್ಪತ್ತಾರು ವರ್ಷದ ಹಿಂದೆ ಗಂಡನ ಜೊತೆ ಪುಣೆಗೆ ಬಂದೆ. ಹದಿನೇಳು ವರ್ಷ ತಲೆಯ ಮೇಲೆ ಸಿಂಬಿ ಇಟ್ಟು ಉಸುಕು, ಇಟ್ಟಿಗೆ ಹೊತ್ತೆ. ಹಗಲು ಇಟ್ಟಿಗೆ ಹೊರುವುದು, ಮನೆಗೆ ಬಂದು ಗಂಡನ ಏಟು ತಿನ್ನುವುದು. ಒಂದು ದಿನ ನಮ್ಮ ವಸ್ತಿಗೆ ಪ್ರಲ್ಹಾದ ಸರ್ ಬಂದು ಗೋಲ ಕೂರಿಸಿದರು. ಆ ಗೋಲದಲ್ಲಿ ನಾನು ಮೊದಲ ಸಲ ಬಾಯಿ ಬಿಟ್ಟೆ. ನನ್ನ ಗಂಡ ನನ್ನನ್ನು ಹೊಡೆಯುತ್ತಾನೆ ಅಂದೆ. ಅಷ್ಟೇ ಮಾತು. ಆದರೆ ಹತ್ತು ಮಂದಿ ಕೇಳಿದರು, ಯಾರೂ ನಗಲಿಲ್ಲ. ಅಂದು ನನಗೆ ದೇವರು ಕಂಡಂತೆ ಆಯಿತು. ಸುಳ್ಳು ಹೇಳುತ್ತಿಲ್ಲ. ಅಂದಿನಿಂದ ನಾನು ಸರ್ ಅವರ ಹಿಂದೆಯೇ ಇದ್ದೇನೆ. ಗಂಡ ತೀರಿಹೋದ ಮೇಲೆ ಕೋಥರೂಡಿನ ನಾಲ್ಕು ಮನೆಗಳಲ್ಲಿ ಅಡುಗೆ ಹಿಡಿದೆ. ರವಿವಾರ ಸೇವೆ. ಸಂಜೆ ಹೊತ್ತು ನಮ್ಮವರ ಶೆಡ್ಡುಗಳಿಗೆ ಹೋಗಿ ಮಲ್ಲಯ್ಯನ ಕಥೆ ಹೇಳುವುದು.

ಕೋಥರೂಡಿನ ಆಚೆ ಒಂದು ಸೈಟು. ಇಪ್ಪತ್ತೆರಡು ಅಂತಸ್ತಿನ ಕಟ್ಟಡ ಏಳುತ್ತಿತ್ತು. ಹಿಂದೆ ತಗಡಿನ ಶೆಡ್ಡುಗಳಲ್ಲಿ ನಮ್ಮ ಕಡೆಯ ಜನ. ಅವರನ್ನು ಊರಿಂದ ಕರೆತಂದವನು ಮುಕಾದಮ ಲಾಲಪ್ಪ. ಹಾಜರಿ ಹಾಕುವವನು ಅವನು, ಊರಿಗೆ ಕಳಿಸುವವನು ಅವನು, ಬೈಯುವವನೂ ಅವನೇ.

ಮೂರು ದಿನದಿಂದ ಸಾಮಾನಿನ ಲಿಫ್ಟು ಕೆಟ್ಟಿತ್ತು. ಹೆಂಗಸರು ಮೆಟ್ಟಿಲು ಹತ್ತಿ ಇಟ್ಟಿಗೆ ಏರಿಸುತ್ತಿದ್ದರು. ಒಂದು ಸಲಕ್ಕೆ ಹತ್ತು ಇಟ್ಟಿಗೆ. ಅಂಬಣ್ಣನ ಹೆಂಡತಿ ಸಾಬವ್ವನಿಗೆ ಏಳು ತಿಂಗಳು. ಮೂರನೇ ಅಂತಸ್ತಿನ ತಿರುವಿನಲ್ಲಿ ಅವಳು ಕೂತಳು. ಮೇಲಿನಿಂದ ಇಳಿದು ಬಂದ ಲಾಲಪ್ಪ ಕಾಲಿನಿಂದ ಅವಳ ಸೊಂಟಕ್ಕೆ ಜಾಡಿಸಿ ಒದ್ದ. ಒಂಬತ್ತು ಮೆಟ್ಟಿಲು ಉರುಳಿದಳು. ಇಟ್ಟಿಗೆಗಳು ಅವಳ ಮೇಲೆಯೇ ಬಿದ್ದವು. ಮೆಟ್ಟಿಲಲ್ಲಿ ಬೇರೆ ಯಾರೂ ಇರಲಿಲ್ಲ. ಕೂಸು ಆಸ್ಪತ್ರೆಯಲ್ಲಿ ಸತ್ತು ಹುಟ್ಟಿತು. ಗಂಡು ಕೂಸು.

ಕಂಪನಿಯ ರಜಿಸ್ಟರಿನಲ್ಲಿ ಚಕ್ಕರು ಬಂದು, ತಲೆ ತಿರುಗಿ ಬಿದ್ದಳು ಎಂದು ಬರೆದರು. ಸಾಬವ್ವ 'ಒದ್ದ' ಅಂದಳು. ನಿನಗೆ ಎಚ್ಚರವೇ ಇರಲಿಲ್ಲ ಎಂದರು ಎಲ್ಲರೂ. ಶೆಡ್ಡುಗಳಲ್ಲಿ ಗುಸುಗುಸು ಎದ್ದಿತು. ಎರಡು ದಿನ ಕೆಲಸ ನಿಂತಿತು. ಆಗ ಕಂಪನಿಯಿಂದ ಪ್ರಲ್ಹಾದ ಸರ್ ಅವರಿಗೆ ಫೋನು ಬಂತು. ಕೆಲಸಗಾರರಲ್ಲಿ ಸಿಟ್ಟು ಹೆಚ್ಚಾಗಿದೆ, ನಿಮ್ಮ ಶಿಬಿರ ಮಾಡಿ.

ಒದ್ದವನಿಗಾಗಿ ಶಿಬಿರ ಕೇಳಲಿಲ್ಲ. ಒದೆಸಿಕೊಂಡವರಿಗಾಗಿ ಕೇಳಿದರು. ಅದು ನನಗೆ ಅಂದು ಹೊಳೆಯಲಿಲ್ಲ. ಹೊಳೆಯಲಿಲ್ಲ ಅಂತ ಹೇಳುವಾಗ ನಾಲಿಗೆ ತಡೆಯುತ್ತದೆ. ಹೊಳೆದಿತ್ತು. ಸೇವೆ ಅಂದುಕೊಂಡು ಸುಮ್ಮನಾದೆ.

ಒಂದು ರವಿವಾರ ಹೋದೆವು. ಬರದವರಿಗೆ ಹಾಜರಿ ಇಲ್ಲ, ಕೂಲಿ ಇಲ್ಲ ಎಂದು ಲಾಲಪ್ಪ ಹೇಳಿದ್ದರಿಂದ ಹದಿಮೂರು ಮಂದಿ ಬಂದರು. ಲಾಲಪ್ಪ, ಅಂಬಣ್ಣ, ಇನ್ನು ಹನ್ನೊಂದು ಮಂದಿ. ಸಾಬವ್ವ ಶೆಡ್ಡಿನಲ್ಲಿ ಮಲಗಿದ್ದಳು. ಅವಳನ್ನು ಕರೆಯಬೇಕು ಅಂತ ನಮಗೆ ಯಾರಿಗೂ ಅನ್ನಿಸಲಿಲ್ಲ. ಬಾಣಂತಿ, ಮಲಗಿರಲಿ ಅಂದೆವು.

ಗೋಲಕ್ಕೆ ಐದು ನಿಯಮ ಇರುತ್ತವೆ. ದೊಡ್ಡ ಹಾಳೆಯ ಮೇಲೆ ಬರೆದು ಗೋಡೆಗೆ ಹಚ್ಚುತ್ತೇವೆ. ಐದನೆಯದು, ಇಲ್ಲಿ ಆಡಿದ ಮಾತು ಇಲ್ಲೇ ಉಳಿಯಬೇಕು. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಎಲ್ಲರೂ ನಕ್ಕರು.

"ಇದಕೇನು ಕದ ಅದ ಏನ್ರಿ ಶರಣವ್ವ? ತಗಡಿನ ಶೆಡ್ಡು. ಒಬ್ಬ ಕೆಮ್ಮಿದ್ರ ಹತ್ತ ಮನಿಗೆ ಕೇಳ್ತದ," ಅಂದ ಒಬ್ಬ.

ಲಾಲಪ್ಪ ನಗಲಿಲ್ಲ. "ನಾ ಮಾತಾಡ್ತೀನಿ ಅಕ್ಕಾ. ಖರೆ ಇವರು ಹೊರಗ ಹೋಗಿ ಒದರಿದ್ರ ಯಾರು ಜವಾಬ್ದಾರಿ? ಹಾಳಿ ಮ್ಯಾಲ ಬರದ್ರ ಆಗ್ತದೇನು?" ಅಂದ.

ನನ್ನ ಸೊಂಟದ ಚೀಲದಲ್ಲಿ ಯಾವಾಗಲೂ ಒಂದು ಡಬ್ಬಿ ಇರುತ್ತದೆ. ಮೈಲಾಪುರದ ಭಂಡಾರ, ಮಲ್ಲಯ್ಯನ ಅರಿಶಿನ. ಅದನ್ನು ಮುಟ್ಟಿ ಆಣೆ ಮಾಡಿದವರು ನಮ್ಮಲ್ಲಿ ಮಾತು ಮುರಿಯುವುದಿಲ್ಲ. ಮುರಿದರೆ ಮನೆತನಕ್ಕೆ ತಟ್ಟುತ್ತದೆ. ನಾನು ಡಬ್ಬಿ ತೆಗೆದು ಗೋಲದ ನಡುವೆ ಇಟ್ಟೆ. ಯಾರೂ ಕೇಳಿರಲಿಲ್ಲ. ನನ್ನ ಬುದ್ಧಿಯೇ. ಒಬ್ಬೊಬ್ಬರಾಗಿ ಬಂದು ಮುಟ್ಟಿದರು. ಹಣೆಗೆ ಹಚ್ಚಿಕೊಂಡರು. ಪ್ರಲ್ಹಾದ ಸರ್ ಕೂಡ ಒಂದು ಬೆರಳು ತಾಗಿಸಿ, ಎಷ್ಟು ಚಂದದ ಪದ್ಧತಿ ಅಂದರು. ನನ್ನ ಎದೆ ಉಬ್ಬಿತು. ಓದಿದವರ ಹಾಳೆ ಮಾಡಲಾಗದ್ದನ್ನು ನನ್ನ ದೇವರು ಮಾಡಿದ ಎಂದು ಉಬ್ಬಿತು.

ಆಮೇಲೆ ಒಬ್ಬೊಬ್ಬರೂ ತಾವು ಮಾಡಿ ಮರುಗಿದ ಒಂದು ಕೆಲಸ ಹೇಳಬೇಕಿತ್ತು. ಒಬ್ಬ ತಮ್ಮನ ಹೊಲ ಒತ್ತಿದ್ದು ಹೇಳಿದ. ಒಬ್ಬಳು ಸೊಸೆಗೆ ಬರೆ ಹಾಕಿದ್ದು ಹೇಳಿದಳು. ಲಾಲಪ್ಪನ ಸರದಿ ಬಂತು.

"ನಾ ಒದ್ದೆ," ಅಂದ. "ಆಕಿ ತಾನಾಗಿ ಬಿದ್ದಿಲ್ಲ. ಮ್ಯಾಲಿಂದ ಇಂಜಿನಿಯರ ಬೈದಿದ್ದ. ಆ ಸಿಟ್ಟಿನ್ಯಾಗ ಒದ್ದೆ. ಏಳು ತಿಂಗಳಾಗ್ಯಾವ ಅಂತ ಗೊತ್ತಿತ್ತು."

ಅತ್ತ. ಖರೆಯೇ ಅತ್ತ. ಮೂಗು ಒರೆಸಿಕೊಂಡ.

ಅಂಬಣ್ಣ ಅವನಿಂದ ಮೂರನೆಯ ಜಾಗದಲ್ಲಿ ಕೂತಿದ್ದ. ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡಿದ್ದ. ನಾನು ಲಾಲಪ್ಪನ ಮಾತನ್ನು ಮರಾಠಿಯಲ್ಲಿ ಹೇಳಿದೆ.  ಇಷ್ಟು ಒಪ್ಪಿಕೊಳ್ಳಲು ದೊಡ್ಡ ಧೈರ್ಯ ಬೇಕು ಎಂದರು ಸರ್.

ಗೋಲದಲ್ಲಿ ಮಾತಾಡಿದವರಿಗೆ ಎಲ್ಲರೂ ಚಪ್ಪಾಳೆ ತಟ್ಟಬೇಕು. ಅದು ನಮ್ಮ ಪದ್ಧತಿ. ಹೊಲ ಒತ್ತಿದವನಿಗೆ ತಟ್ಟಿದ್ದೆವು. ಬರೆ ಹಾಕಿದವಳಿಗೆ ತಟ್ಟಿದ್ದೆವು. ಲಾಲಪ್ಪನಿಗೂ ತಟ್ಟಿದೆವು. ಅಂಬಣ್ಣ ತಟ್ಟಲಿಲ್ಲ. ನಾನು ಅವನ ಕಡೆ ನೋಡಿದೆ. ತಟ್ಟಪಾ, ಅನ್ನುವ ಹಾಗೆ ಗೋಣು ಆಡಿಸಿದೆ. ಅವನು ಕೈ ಹೊರಗೆ ತೆಗೆದ. ತಟ್ಟಿದ. ಎರಡು ಸಲ.

ತನ್ನ ಕೂಸನ್ನು ಕೊಂದವನಿಗೆ ಅವನು ಚಪ್ಪಾಳೆ ತಟ್ಟಿದ. ತಟ್ಟಿಸಿದವಳು ನಾನು.

ಸಂಜೆ ಸಾಬವ್ವನ ಶೆಡ್ಡಿಗೆ ಹೋದೆ. ಎದೆಗೆ ಬಟ್ಟೆ ಬಿಗಿದುಕೊಂಡು ಕೂತಿದ್ದಳು. ಕುಡಿಯುವ ಕೂಸಿಲ್ಲದೆ ಹಾಲು ಗಟ್ಟಿಯಾಗಿ ನೋಯುತ್ತಿತ್ತು.

"ದೊಡ್ಡವ್ವ, ಲಾಲಪ್ಪ ಏನರೆ ಅಂದನೇನು?"

"ಗೋಲದಾಗಿನ ಮಾತು ಹೊರಗ ಹೇಳಂಗಿಲ್ಲವ್ವ. ಭಂಡಾರ ಮುಟ್ಟೀವಿ."

"ನಾ ಹೊರಗಿನಾಕಿ ಏನು?"

 ಅವಳ ಕಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಒತ್ತತೊಡಗಿದೆ.

"ಎಲ್ಲಾರೂ ಚಕ್ಕರ ಬಂದು ಬಿದ್ದಿ ಅಂತಾರ. ನನಗ ಸೊಂಟದಾಗ ಇನ್ನ ಅವನ ಕಾಲು ಅದಂಗ ಅನಸ್ತದ ದೊಡ್ಡವ್ವ. ಖರೆ ಹತ್ತ ಮಂದಿ ಒಂದಾ ಮಾತು ಅಂದ್ರ, ನಾನಾ ಹುಚ್ಚಿ ಆಗೀನೇನೋ. ನಾನಾ ಹೆಜ್ಜಿ ತಪ್ಪಿಸಿಕೊಂಡು ನನ್ನ ಕೂಸಿನ್ನ ಕೊಂದೀನೇನೋ."

ಕಾಲು ಒತ್ತಿದೆ. ಮಲ್ಲಯ್ಯ ಅದಾನ ಅಂದೆ. ಎದ್ದು ಬಂದೆ.

ಹನ್ನೆರಡು ದಿನ ಕಳೆದ ಮೇಲೆ ಚಹಾದ ಅಂಗಡಿಯ ಮುಂದೆ ಅಂಬಣ್ಣ ಲಾಲಪ್ಪನಿಗೆ ಸಲಿಕೆಯಿಂದ ಹೊಡೆದ. ಲಾಲಪ್ಪನ ಭುಜದ ಎಲುಬು ಮುರಿಯಿತು, ತಲೆಗೆ ಹನ್ನೊಂದು ಹೊಲಿಗೆ ಬಿದ್ದವು. ಕೊಲೆ ಪ್ರಯತ್ನ ಎಂದು ಕೇಸು ಹಾಕಿದರು. ಅಂಬಣ್ಣನನ್ನು ಒಳಗೆ ಹಾಕಿದರು. ಸಾಬವ್ವನನ್ನು ಶೆಡ್ಡಿನಿಂದ ಹೊರಗೆ ಹಾಕಿದರು. ಭಂಡಾರ ಮುಟ್ಟಿದವರು ಯಾರೂ ಬಾಯಿ ಬಿಡಲಿಲ್ಲ. ಕೆಲವರಿಗೆ ದೇವರ ಭಯ, ಕೆಲವರಿಗೆ ಮುಕಾದಮನ ಭಯ. ಎರಡನೆಯವರಿಗೆ ಮೊದಲನೆಯದು ಒಳ್ಳೆಯ ನೆಪವಾಯಿತು. ನೆಪ ಕೊಟ್ಟವಳು ನಾನು.

ಎಂಟು ತಿಂಗಳು ನಾನು ನಾಲ್ಕು ಮನೆಗಳಲ್ಲಿ ಚಪಾತಿ ಲಟ್ಟಿಸಿದೆ. ರವಿವಾರ ಸೇವೆಗೆ ಹೋದೆ. ಸಂಜೆ ಕಥೆ ಹೇಳಿದೆ. ಸತ್ಯ ಗೆಲ್ಲುವ ಕಥೆಗಳನ್ನೇ ಹೇಳಿದೆ.

ಹೀಗಿರುವಾಗ ಜೈಲಿನ ಆ ಗೋಲದಲ್ಲಿ ಅಂಬಣ್ಣ ಎದುರಾದ.

ಚಹಾದ ಬಿಡುವಿನಲ್ಲಿ ಅವನ ಹತ್ತಿರ ಹೋದೆ. ಕಾವಲಿನವನು ಬಾಗಿಲಲ್ಲಿ ಆಕಳಿಸುತ್ತಿದ್ದ.

"ಹೊಡದದ್ದು ಯಾಕ ಅಂತ ಪೊಲೀಸರಿಗೆ ಹೇಳಿಲ್ಲೇನು ತಮ್ಮಾ?"

"ಹ್ಯಾಂಗ ಹೇಳ್ಲಿ? ಆಣಿ ಮಾಡೀನಿ."

"ವಕೀಲರಿಗೆ?"

"ಸೋನಾಲಿಬಾಯಿ ಮೂರ ಸಲ ಬಂದು ಕೇಳಿದಳು. ಸರಕಾರದಿಂದ ಕೊಟ್ಟಾರ ಆಕಿನ್ನ. ನಮ್ಮ ಕನ್ನಡದಾಕಿನಾ. ಯಾಕ ಹೊಡದಿ, ಯಾಕ ಹೊಡದಿ ಅಂತಾಳ. ಸಿಟ್ಟು ಬಂತು ಅಂದೆ. ಬರೇ ಸಿಟ್ಟು ಅಂದ್ರ ಜಡ್ಜ್ ಸಾಹೇಬ್ರು ಒಪ್ಪಂಗಿಲ್ಲಂತ." ಅಂಬಣ್ಣ ಲೋಟ ಕೆಳಗಿಟ್ಟ. "ನಾ ಹೊಡಿಯಾಕ ಹೋಗಿದ್ದಿಲ್ಲ ದೊಡ್ಡವ್ವ. ಲಾಲಪ್ಪಗ ಕೈ ಮುಗದೆ. ನನಗೇನೂ ಬ್ಯಾಡ, ನಮ್ಮ ಶೆಡ್ಡಿಗೆ ಬಂದು ಆಕಿ ಮುಂದ ಒಂದ ಸಲ ಹೇಳು, ಆಕಿ ತಾನಾಗಿ ಬಿದ್ದಿಲ್ಲ ಅಂತ ಅಷ್ಟಾ ಹೇಳು ಅಂದೆ. ಅವ ಏನಂದ ಗೊತ್ತೇನು? 'ಭಂಡಾರ ಮುಟ್ಟಿದೆಲ್ಲೋ ಮಗನ. ಚಪ್ಪಾಳಿ ಬ್ಯಾರೆ ತಟ್ಟಿದಿ. ಮುಗೀತು ಹೋಗು' ಅಂದ. ಸಲಿಕಿ ಅಲ್ಲೇ ಇತ್ತು."

ನಾನೂ ಲೋಟ ಕೆಳಗಿಟ್ಟೆ.

"ಸಾಬವ್ವಗ ಹೇಳಿಯೇನು?"

"ತಿಂಗಳಿಗೊಮ್ಮೆ ಬರ್ತಾಳ. ಗಾಜಿನ ಆಚಿ ನಿಂತು ಫೋನಿನ್ಯಾಗ ಅದೊಂದಾ ಕೇಳ್ತಾಳ. ನಾ ಖರೇನಾ ಚಕ್ಕರ ಬಂದು ಬಿದ್ದಿನೇನು, ಅಂತ. ನಾ ಫೋನು ಹಿಡಕೊಂಡು ಸುಮ್ನ ನಿಂದರ್ತೀನಿ. ಆಕಿ ಹೊಟ್ಟ್ಯಾಗ ಇನ್ನೊಂದು ಕೂಸು ಮೂಡಬೇಕಲ್ಲ. ಮಲ್ಲಯ್ಯ ಮುನಿಸಿಕೊಂಡ್ರ?" ಅವನ ದನಿ ಏರಿತು. "ಆಣಿ ಮುರಿಯಂಗಿಲ್ಲ ನಾ. ಖರೆ ನಿಮ್ಮ ಗೋಲದಾಗ ಕೂಡಂಗೂ ಇಲ್ಲ. ಕುರ್ಚಿ ಕೊಟ್ರೂ ಕೂಡಂಗಿಲ್ಲ. ಇನ್ನ ಒಂದ ಚಪ್ಪಾಳಿನೂ ತಟ್ಟಂಗಿಲ್ಲ. ನಿಮ್ಮ ಸರ್‌ಗ ಇದನ್ನರೆ ನೆಟ್ಟಗ ಹೇಳು."

ಹೇಳಿದೆ. ಜೈಲಿನ ದೊಡ್ಡ ಬಾಗಿಲ ಹೊರಗೆ, ರಸ್ತೆಯ ಬದಿಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ. 

"ನಾವು ಅವನ ವಕೀಲರಿಗೆ ಹೇಳೋಣ ಸರ್. ನೀವೂ ಕೇಳಿದ್ದೀರಿ," ಅಂದೆ.

ಅವರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಗೋಲದ ಮಾತು ಒಮ್ಮೆ ಹೊರಗೆ ಹೋದರೆ, ಶರಣಮ್ಮಬಾಯಿ, ನಾಳೆ ಈ ಜೈಲಿನಲ್ಲಿ ಒಬ್ಬನೂ ಬಾಯಿ ಬಿಡುವುದಿಲ್ಲ. ಇಪ್ಪತ್ತು ವರ್ಷದ ನಂಬಿಕೆ. ನೀವೂ ಆ ನಂಬಿಕೆಯಲ್ಲೇ ಮಾತಾಡಿದವರಲ್ಲವೇ?"

"ಯಾರ ನಂಬಿಕೆ ಸರ್? ಸಾಬವ್ವ ಗೋಲದಲ್ಲಿ ಇರಲೇ ಇಲ್ಲ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಮೆಲ್ಲಗೆ ಅಂದರು. "ನಮ್ಮ ನಿಯಮ ಹಾಳೆಯ ಮೇಲಿನದು. ಬೇಕಾದರೆ ಹರಿದುಹಾಕಬಹುದಿತ್ತು. ಭಂಡಾರ ತಂದವರು ನೀವು."

ನಿಜ. ಅವರು ಒಳ್ಳೆಯವರು, ಅವರ ಮಾತೂ ನಿಜ. ಆದರೆ ಆ ನಿಜದ ಹಿಂದೆ ಅವರು ಅಡಗಿ ನಿಂತಿದ್ದರು. ನಾನು ಎಂಟು ತಿಂಗಳು ದೇವರ ಹಿಂದೆ ಅಡಗಿ ನಿಂತ ಹಾಗೆ.

ಮರುದಿನ ಕೆಲಸಕ್ಕೆ ಹೋಗಲಿಲ್ಲ. ಜೇಜುರಿಗೆ ಹೊರಟೆ. ನಮ್ಮ ಮಲ್ಲಯ್ಯನೇ ಅಲ್ಲಿ ಖಂಡೋಬಾ. ಮೆಟ್ಟಿಲು ಹತ್ತಿ ಹೋಗಿ, ಸ್ವಾಮಿ, ಆಣೆ ಮುರಿಯುತ್ತೇನೆ, ಶಿಕ್ಷೆ ಕೊಡುವುದಿದ್ದರೆ ನನ್ನೊಬ್ಬಳಿಗೆ ಕೊಡು ಎಂದು ಬೇಡಿಕೊಂಡು, ಆಮೇಲೆ ಸಾಬವ್ವನ ಹತ್ತಿರ ಹೋಗೋಣ ಎಂದು ಯೋಚಿಸಿದ್ದೆ. ಸ್ವಾರಗೇಟಿನಲ್ಲಿ ಬಸ್ಸು ಹತ್ತಿದೆ. ಕಿಟಕಿಯ ಜಾಗ ಸಿಕ್ಕಿತು. ಕಂಡಕ್ಟರು ಟಿಕೇಟು ಕೇಳುತ್ತ ಬಂದ.

ಆಗ ತಿಳಿಯಿತು. ಮೊದಲು ದೇವರು, ಆಮೇಲೆ ಸಾಬವ್ವ. ಅಂದೂ ನಾನು ಇದನ್ನೇ ಮಾಡಿದ್ದೆ. ದೇವರಿಗೆ ನನ್ನ ಬಾಯಿಂದ ಕೇಳುವ ಅಗತ್ಯವಿಲ್ಲ, ಅವನಿಗೆ ಎಲ್ಲ ಗೊತ್ತು. ಗೊತ್ತಿಲ್ಲದವಳು ಅವಳೊಬ್ಬಳೇ.

ಬಸ್ಸಿಳಿದೆ. ಕಾತ್ರಜದ ಬಸ್ಸು ಹಿಡಿದೆ.

ಸಾಬವ್ವ ಕಾತ್ರಜದ ಆಚೆ, ಗುಡ್ಡದ ಬದಿಯ ಒಂದು ಸಣ್ಣ ಕಟ್ಟಡದಲ್ಲಿ ಕೆಲಸಕ್ಕಿದ್ದಳು. ಅಂದು ಸ್ಲ್ಯಾಬು ಹಾಕುವ ದಿನ. ಮಿಕ್ಸರು ಗರಗರ ತಿರುಗುತ್ತಿತ್ತು. ಕೆಳಗಿನಿಂದ ಮೇಲಿನವರೆಗೆ ಏಣಿಯಂತೆ ಕಟ್ಟಿದ ಅಟ್ಟಣೆಯ ಮೇಲೆ ಹೆಂಗಸರು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಸ್ಲ್ಯಾಬು ಶುರುವಾದರೆ ಮುಗಿಯುವವರೆಗೆ ಸಾಲು ನಿಲ್ಲುವಂತಿಲ್ಲ. ನಡುವೆ ನಿಂತರೆ ಸೀಳು ಬಿಡುತ್ತದೆ, ಮಳೆಗೆ ಸೋರುತ್ತದೆ.

ಸಾಬವ್ವ ಎರಡನೇ ಅಟ್ಟಣೆಯಲ್ಲಿದ್ದಳು. ನಾನು ಸೆರಗು ಬಿಗಿದು ಮೇಲೆ ಹತ್ತಿದೆ. ಅವಳ ಕೆಳಗೆ ನಿಂತವಳಿಗೆ, "ನೀ ನೀರು ಕುಡದು ಬಾ, ನಾ ನಿಂದರ್ತೀನಿ," ಅಂದೆ.

ಸಾಬವ್ವ ನೋಡಿದಳು. "ಅಡಗಿ ಮನಿ ಬಿಟ್ಟು ಇಲ್ಲಿಗ್ಯಾಕ ಬಂದಿ ದೊಡ್ಡವ್ವ? ಕೈ ಒಡದ್ರ ನಿಮ್ಮ ಕೋಥರೂಡದ ಬಾಯಿಗೋಳಿಗೆ ಚಪಾತಿ ಯಾರು ಮಾಡ್ತಾರ?"

ಬುಟ್ಟಿ ಬಂತು. ಒಂಬತ್ತು ವರ್ಷ ಮುಟ್ಟದ ಭಾರ. ತೋಳು ಕಿತ್ತಂತಾಯಿತು. ಅವಳ ಕೈಗೆ ಕೊಟ್ಟೆ.

"ಸಾಬವ್ವ, ಲಾಲಪ್ಪ ಅವತ್ತು ಗೋಲದಾಗ ಒಪ್ಪಿಕೊಂಡ," ಅಂದೆ.

ಅವಳು ಬುಟ್ಟಿ ಮೇಲಕ್ಕೆ ದಾಟಿಸಿದಳು. ಕೈ ಮತ್ತೆ ಕೆಳಗೆ ಬಂತು. "ಏನಂತ?"

ಇನ್ನೊಂದು ಬುಟ್ಟಿ. "ನಾ ಒದ್ದೆ ಅಂದ. ಆಕಿ ತಾನಾಗಿ ಬಿದ್ದಿಲ್ಲ ಅಂದ."

ಸಾಬವ್ವ ಅದನ್ನೂ ದಾಟಿಸಿದಳು. "ಮತ್ತ ಹೇಳು."

"ಒದ್ದೆ ಅಂದ."

"ಮತ್ತ ಹೇಳು."

"ಒದ್ದೆ ಅಂದ. ಏಳು ತಿಂಗಳು ಅಂತ ಗೊತ್ತಿತ್ತು ಅಂದ."

ಬುಟ್ಟಿಗಳು ಬರುತ್ತಲೇ ಇದ್ದವು. ಸಿಮೆಂಟಿನ ನೀರು ನನ್ನ ಮೊಣಕೈವರೆಗೆ ಇಳಿದಿತ್ತು. ಅವಳು ಒಂದೊಂದೇ ಕೇಳಿದಳು.

"ಯಾರ್ಯಾರ ಕೇಳಿದ್ರು?"

ಹೆಸರು ಹೇಳಿದೆ. ಬುಟ್ಟಿಗೊಂದು ಹೆಸರು.

"ನನ್ನ ಗಂಡ?"

"ಇದ್ದ."

"ಎಂಟು ತಿಂಗಳಿಂದ ನಾ ಗಾಜಿಗೆ ಮಾರಿ ಹಚ್ಚಿ ಕೇಳ್ತೀನಿ ಅವನಿಗೆ."

"ಆಣಿ ಮಾಡ್ಯಾನವ್ವ. ನಿನ್ನ ಹೊಟ್ಟಿಗೆ ತಟ್ಟೀತಂತ ಅಂಜ್ಯಾನ. ಆಣಿ ಮಾಡಿಸಿದಾಕಿ ನಾ. ಲಾಲಪ್ಪ ಹೇಳಿದ ಮ್ಯಾಲ ಎಲ್ಲಾರೂ ಚಪ್ಪಾಳಿ ತಟ್ಟಿದ್ರು. ಅವ ತಟ್ಟಿದ್ದಿಲ್ಲ. ಅವನ ಕೈಲೆ ತಟ್ಟಿಸಿದಾಕಿನೂ ನಾ."

ಈ ಮಾತಿಗೆ ಅವಳು ನನ್ನ ಮುಖ ನೋಡಿದಳು. ನಾನು ಕೊಟ್ಟ ಬುಟ್ಟಿ ಅವಳ ಕೈಯಲ್ಲೇ ಇತ್ತು.

"ಅವತ್ತ ಸಂಜಿಗೆ ನೀ ನನ್ನ ಕಾಲ ಒತ್ತಿದಿ," ಅಂದಳು.

"ಹೌದವ್ವ."

"ಗೊತ್ತಿದ್ದು ಒತ್ತಿದಿ."

"ಹೌದು. ತಪ್ಪಾತು ತಾಯಿ. ನಿನ್ನ ಕಾಲ ಬೀಳ್ತೀನಿ. ಹೊಟ್ಟ್ಯಾಗ ಹಾಕ್ಕೊ."

"ಹೊಟ್ಟ್ಯಾಗ?" ಅಂದಳು ಸಾಬವ್ವ. "ನನ್ನ ಹೊಟ್ಟ್ಯಾಗ ಜಾಗ ಇಲ್ಲ. ಅದನ್ನ ಕೇಳಾಕ ಬಂದಿದ್ದರ ಹಂಗಾ ಇಳದು ಹೋಗು."

ಅವಳು ಬುಟ್ಟಿಯನ್ನು ಮೇಲಕ್ಕೆ ಕೊಡಲಿಲ್ಲ. ಅಟ್ಟಣೆಯ ಮೇಲೆ ಇಟ್ಟಳು. ಮೇಲಿನವಳು ಚಾಚಿದ ಕೈ ಹಾಗೆಯೇ ಉಳಿಯಿತು. ಕೆಳಗೆ ಒಂದು, ಎರಡು, ಐದು ಬುಟ್ಟಿ ಬಂದು ನಿಂತವು. ಮೇಲಿನಿಂದ ಮಿಸ್ತ್ರಿ ಚೀರಿದ. "ಏ, ಯಾವಾಕಿ ಸಾಲು ನಿಲ್ಲಿಸಿದಾಕಿ? ಸ್ಲ್ಯಾಬು ಸೀಳಿದ್ರ ನಿಮ್ಮಪ್ಪ ಕಟ್ಟಿ ಕೊಡ್ತಾನೇನು?"

"ನಾ," ಅಂದಳು ಸಾಬವ್ವ. "ನಾ ನಿಲ್ಲಿಸೀನಿ."

ಸಿಂಬಿ ಬಿಚ್ಚಿ ಕೈ ಒರೆಸಿಕೊಂಡು ಇಳಿದಳು. ಕೆಳಗೆ ಹೋಗಿ ನನ್ನ ಕಡೆ ತಿರುಗಿದಳು. "ನಡಿ. ಇಲ್ಲಿ ಹೇಳಿದ್ದು ಸಾಲಂಗಿಲ್ಲ. ಅವರ ಮುಂದ ಹೇಳಬೇಕು."

ದಾರಿಯಲ್ಲಿ ಸಾಬವ್ವನಿಂದ ನಂಬರು ಇಸಿದುಕೊಂಡು ಸೋನಾಲಿಗೆ ಫೋನು ಮಾಡಿದೆ. ಅಂಬಣ್ಣನ ವಕೀಲೆ, ನಮ್ಮಂಥ ತಗಡಿನ ಶೆಡ್ಡಿನಲ್ಲೇ ಹುಟ್ಟಿ ಬೆಳೆದು ಓದಿದ ಹುಡುಗಿ. ಎಲ್ಲ ಕೇಳಿದಳು. "ಮಾವಶಿ, ಇಷ್ಟ ದಿನ ಎಲ್ಲಿದ್ರಿ ನೀವು?" ಅಂದಳು.  ಸ್ಕೂಟರಿನಲ್ಲಿ ಚೌಕಿಗೆ ಬಂದಳು.

ಕೋಥರೂಡಿನ ಆಚೆಯ ಆ ಸೈಟು ಯಾವುದರ ಹದ್ದಿಗೆ ಬರುತ್ತದೋ ಆ ಪೊಲೀಸ್ ಚೌಕಿ. ಮೇಜಿನ ಆಚೆ ಒಬ್ಬ ಪೊಲೀಸ್ ಬಾಯಿ ಕೂತಿದ್ದಳು. ಎಂಟು ತಿಂಗಳಾದ ಮೇಲೆ ಯಾಕೆ ಬಂದಿರಿ, ಇಷ್ಟು ದಿನ ನಿದ್ದೆ ಹೋಗಿದ್ದಿರಾ ಎಂದಳು. ಸೋನಾಲಿ ಕಾಯ್ದೆಯ ಮಾತಾಡಿದ ಮೇಲೆ ಹಾಳೆ ತೆಗೆದಳು. ಈಕೆಯ ಮಾತು ಮರಾಠಿಯಲ್ಲಿ ಹೇಳುವವರು ಯಾರು ಎಂದು ಕೇಳಿದಳು.

ಸೋನಾಲಿ ನನ್ನ ಕಿವಿಯ ಹತ್ತಿರ ಬಂದಳು. "ನಾ ಅಂಬಣ್ಣನ ವಕೀಲಿ. ನಾ ಹೇಳಿದ್ರ ನಾಳೆ ನನ್ನ ಕಡಿನಾ ಬೆರಳು ತೋರಸ್ತಾರ. ನೀವಾ ಹೇಳ್ರಿ ಮಾವಶಿ. ಖರೆ ಮೆತ್ತಗ ಮಾಡಬ್ಯಾಡ್ರಿ."

ಸಾಬವ್ವ ನಿಂತೇ ಹೇಳಿದಳು. ಕೂಡು ಅಂದರೂ ಕೂರಲಿಲ್ಲ. ಹತ್ತು ಇಟ್ಟಿಗೆ ಹೇಳಿದಳು. ತಿರುವಿನ ಮೆಟ್ಟಿಲು ಹೇಳಿದಳು. ಎಡ ಸೊಂಟ ಮುಟ್ಟಿ ತೋರಿಸಿದಳು. ನಾನು ಒಂದೊಂದು ಮಾತನ್ನೂ ಇದ್ದ ಹಾಗೆಯೇ ದಾಟಿಸಿದೆ. ಪೊಲೀಸ್ ಬಾಯಿ ಬರೆದು, ಓದಿದಳು. "ಧಕ್ಕಾ ದಿಲಾ."

ಹತ್ತು ವರ್ಷದಲ್ಲಿ ಸಾಬವ್ವನೂ ಅಷ್ಟು ಮರಾಠಿ ಕಲಿತಿದ್ದಳು. "ಧಕ್ಕಾ ಅಲ್ಲ," ಅಂದಳು. "ನೂಕಿಲ್ಲ ಅವ. ಒದ್ದ. ಲಾಥ. ಅದನ್ನ ಹೊಡಿ, ಇದನ್ನ ಬರಿ."

ಪೊಲೀಸ್ ಬಾಯಿ ಹುಬ್ಬು ಗಂಟಿಕ್ಕಿದಳು. ಆ ಪದದ ಮೇಲೆ ಗೆರೆ ಎಳೆದಳು. ಬೇರೆ ಬರೆದಳು.

"ಇನ್ನೊಂದ ಬರಸು," ಅಂದಳು ಸಾಬವ್ವ. ನನ್ನನ್ನು ನೋಡದೆ ಹೇಳಿದಳು. "ಅವ ಒಪ್ಪಿಕೊಂಡದ್ದು ಈಕಿಗೆ ಗೊತ್ತಿತ್ತು. ಎಂಟು ತಿಂಗಳು ಗೊತ್ತಿತ್ತು. ನನ್ನ ಮನಿಗೆ ಬಂದು, ನನ್ನ ಕಾಲ ಒತ್ತಿ, ನಾ ಬಾಯಿ ಬಿಟ್ಟು ಕೇಳಿದ್ರೂ ಹೇಳಲಿಲ್ಲ. ನಾ ಹುಚ್ಚಿ ಆಗೂದನ್ನ ನೋಡಕೋತ ಕುಂತಳು. ಇದನ್ನ ಬರಸು."

ಪೊಲೀಸ್ ಬಾಯಿ ಪೆನ್ನು ಹಿಡಿದು ಕಾಯುತ್ತಿದ್ದಳು. "ಏನಂತಾಳೆ?"

ನನ್ನ ಬಾಯಿಯಲ್ಲಿ ಮೆತ್ತನೆಯ ಮಾತುಗಳು ಸಾಲುಗಟ್ಟಿ ನಿಂತಿದ್ದವು. ಈ ಸಂಗತಿ ನನಗೂ ತಿಳಿದಿದೆ ಅಂತಾಳೆ ಅನ್ನಬಹುದಿತ್ತು. ನಾನು ಸಾಕ್ಷಿ ಅಂತಾಳೆ ಅನ್ನಬಹುದಿತ್ತು. ಎರಡೂ ಸುಳ್ಳಲ್ಲ. ಸೋನಾಲಿ ನೆಲ ನೋಡುತ್ತಿದ್ದಳು. ಸಾಬವ್ವ ಈಗ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಅವಳು ಹೇಳಿದಂತೆಯೇ ಹೇಳಿದೆ. ಕಾಲು ಒತ್ತಿದ್ದನ್ನೂ ಹೇಳಿದೆ. ಹುಚ್ಚಿಯಾಗುವುದನ್ನು ನೋಡುತ್ತ ಕೂತದ್ದನ್ನೂ ಹೇಳಿದೆ.

"ಯಾರು ಆ ಹೆಂಗಸು?" ಅಂದಳು ಪೊಲೀಸ್ ಬಾಯಿ.

"ನಾನು."

ಅವಳು ತಲೆಯೆತ್ತಿದಳು. ನನ್ನನ್ನು ನೋಡಿದಳು, ಸಾಬವ್ವನನ್ನು ನೋಡಿದಳು. "ಪೂರ್ತಿ ಹೆಸರು?"

ಹೆಸರು ಹೇಳಿದೆ. ಗಂಡನ ಹೆಸರು ಹೇಳಿದೆ. ಊರು, ತಾಲೂಕು, ಈಗಿರುವ ವಸ್ತಿ ಹೇಳಿದೆ. ಅವಳು ಬರೆದಳು.

ಸಾಬವ್ವ ಮೇಜಿನ ಮೇಲೆ ಬಗ್ಗಿ ಆ ಸಾಲನ್ನು ನೋಡಿದಳು. ಅವಳಿಗೆ ಅಕ್ಷರ ಬಾರದು. ಆದರೂ ಶಾಯಿ ಆರುವವರೆಗೆ ನೋಡಿದಳು.

"ಆತೇನು?"

"ಆತವ್ವ."

"ಹಂಗಾರ ಕೇಳಿದವರ ಹೆಸರು ಹೇಳು," ಅಂದಳು. "ಇನ್ನ ಹನ್ನೊಂದ ಮಂದಿ ಅದಾರ. ನಿಮ್ಮ ಸರ್ ಹಿಡದು ಹನ್ನೆರಡು."